ಲಂಕೆಯ ಕೆರೆಗಳ ಬೆನ್ನು ಹಿಡಿದು ಏಳು ದಿನ

ಮೊದಲ ದಿನ: ನೆಗೊಂಬೊದಿಂದ ಅನುರಾಧಪುರ

ಗಡಿಯಾರ ತಿರುಗಿಸುವ ಕೆಲಸವಿಲ್ಲ; ಲಂಕೆಯ ಸಮಯವೂ ನಮ್ಮದೇ. ಇಟಿಎ ಎಂಬ ಪ್ರವೇಶ ಅನುಮತಿ ಮೊದಲೇ ಆನ್‌ಲೈನ್‌ನಲ್ಲಿ ಪಡೆದು ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಕಟುನಾಯಕ ವಿಮಾನ ನಿಲ್ದಾಣ. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಮೂರೂ ಚಿಲ್ಲರೆ ರೂಪಾಯಿ ಸಿಗುವುದರಿಂದ ಜೇಬು ದಪ್ಪಗೆ ಕಾಣುತ್ತದೆ, ಆದರೆ ಊಟದ ಬಿಲ್ಲೂ ಅಷ್ಟೇ ದಪ್ಪ. ಹೊಸ ಕಟ್ಟಡಗಳಲ್ಲಿ ಮೂರು ಚಪ್ಪಟೆ ಕಡ್ಡಿಯ ಪ್ಲಗ್ಗು, ಹಳೆಯವುಗಳಲ್ಲಿ ನಮ್ಮದೇ ದುಂಡು ಕಡ್ಡಿಯದು. ಒಂದು ಅಡಾಪ್ಟರ್ ಬ್ಯಾಗಿನಲ್ಲಿದ್ದರೆ ಚಿಂತೆಯಿಲ್ಲ.

ಇಳಿದವರಲ್ಲಿ ಹೆಚ್ಚಿನವರು ಕೊಲಂಬೊಗೆ, ಅಲ್ಲಿಂದ ದಕ್ಷಿಣದ ಕಡಲತೀರಕ್ಕೆ ಹೋಗುತ್ತಾರೆ. ನಮ್ಮ ದಾರಿ ಉಲ್ಟಾ, ಉತ್ತರದ ಒಣನಾಡಿಗೆ. ಲಂಕೆಯ ವಿಸ್ತೀರ್ಣ 65,610 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಪಾಲು. ಇಷ್ಟು ಚಿಕ್ಕ ನೆಲವನ್ನೇ ಮಳೆ ಎರಡಾಗಿ ಸೀಳಿದೆ. ನಡುವಿನ ಬೆಟ್ಟಗಳೂ ನೈಋತ್ಯದ ಮೂಲೆಯೂ ಸೇರಿ ತೇವವಲಯ, ಉಳಿದದ್ದರಲ್ಲಿ ಬಹುಪಾಲು ಒಣವಲಯ. ಒಣವಲಯ ಎಂದರೆ ವರ್ಷಕ್ಕೆ 1,750 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬೀಳುವ ಜಾಗ. ಇದನ್ನು ಕೋಲಾರದವರಿಗೆ ಹೇಳಿದರೆ ನಕ್ಕಾರು, ಅಲ್ಲಿ ಬೀಳುವುದು ಅದರ ಅರ್ಧದ ಆಸುಪಾಸು. ಆದರೆ ಇಲ್ಲಿಯ ಮಳೆಯಲ್ಲಿ ದೊಡ್ಡ ಪಾಲು ಅಕ್ಟೋಬರ್‌ನಿಂದ ಜನವರಿಯೊಳಗೆ ಸುರಿದು ಮುಗಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಬಿಸಿಲು, ಗಾಳಿ. ಆ ನಾಲ್ಕು ತಿಂಗಳ ನೀರನ್ನು ಹಿಡಿದಿಡಲು ಕಟ್ಟಿದ್ದೇ ಕೆರೆಗಳು. ಸಿಂಹಳದಲ್ಲಿ ಕೆರೆಗೆ ‘ವೆವ’ ಅನ್ನುತ್ತಾರೆ.

ನೆಗೊಂಬೊದಲ್ಲಿ ಹತ್ತಿದ ಅನುರಾಧಪುರದ ಬಸ್ಸು ಚಿಲಾವ್, ಪುತ್ತಲಂ ಹಾದು ಹೋಗುತ್ತದೆ. ಐದು ಗಂಟೆಯ ದಾರಿ. ಬೋರ್ಡಿನ ಸಿಂಹಳ ಅಕ್ಷರಗಳು ನಮ್ಮ ಅಕ್ಷರಗಳಂತೆಯೇ ಗುಂಡಗಿದ್ದು ಇನ್ನೇನು ಓದಲು ಬಂದೀತು ಅನ್ನಿಸುತ್ತವೆ, ಬರುವುದಿಲ್ಲ. ಮುಂದಿನ ಸೀಟು ಖಾಲಿ ಕಂಡು ಕೂತದ್ದೇ ತಪ್ಪಾಯಿತು. ಎರಡು ಸ್ಟಾಪಿನ ನಂತರ ಕಾವಿಯ ಭಿಕ್ಷು ಒಬ್ಬರು ಹತ್ತಿದರು, ಕಂಡಕ್ಟರ್ ಕಣ್ಸನ್ನೆಯಲ್ಲೇ ಎಬ್ಬಿಸಿದ. ಚಾಲಕನ ಹಿಂದಿನ ಆ ಸೀಟುಗಳು ಭಿಕ್ಷುಗಳಿಗೆ ಮೀಸಲು. ಚಿಲಾವ್‌ವರೆಗೆ ಎರಡೂ ಕಡೆ ತೆಂಗಿನ ತೋಟ. ಪುತ್ತಲಂ ಹತ್ತಿರ ಉಪ್ಪಿನ ಮಡಿಗಳು. ಅಲ್ಲಿಂದ ಬಸ್ಸು ಒಳನಾಡಿಗೆ ತಿರುಗಿದ್ದೇ ತಡ, ತೆಂಗು ತೆಳುವಾಗಿ ಮುಳ್ಳುಪೊದೆ, ಪಾಲೆ ಮರ, ಮಧ್ಯೆ ಮಧ್ಯೆ ಕಮಲದೆಲೆ ಮುಚ್ಚಿದ ಸಣ್ಣ ಕೆರೆಗಳು ಶುರುವಾದವು.

ರಾತ್ರಿಯ ಊಟ ಕೆಂಪಕ್ಕಿ ಅನ್ನ, ಪರಿಪ್ಪು ಎಂಬ ತೆಂಗಿನಹಾಲಿನ ಬೇಳೆ, ಎಳೆ ಹಲಸಿನ ‘ಪೊಲೊಸ್’, ಒಂದೆಲಗವನ್ನು ಸಣ್ಣಗೆ ಹೆಚ್ಚಿ ಕಾಯಿತುರಿ ಬೆರೆಸಿದ ‘ಗೊಟುಕೊಳ’. ತಂಬುಳಿ ಉಂಡ ನಾಲಿಗೆಗೆ ಈ ಕೊನೆಯದು ಗುರುತಿನದೇ. ಸಸ್ಯಾಹಾರಿಗಳು ಎಡವುವುದು ‘ಪೊಲ್ ಸಂಬೊಲ್’ನಲ್ಲಿ. ನೋಡಲು ಬರೀ ಕೆಂಪು ಕಾಯಿಚಟ್ನಿ, ಆದರೆ ಅದಕ್ಕೆ ‘ಉಂಬಲಕಡ’ ಎಂಬ ಒಣಮೀನಿನ ಪುಡಿ ಬೀಳುತ್ತದೆ, ಕೆಲವೊಮ್ಮೆ ಬೇಳೆಗೂ. ‘ವೆಜಿಟೇರಿಯನ್’ ಅಂದರೆ ತಲೆಯಾಡಿಸಿ ಅದನ್ನೇ ಬಡಿಸುತ್ತಾರೆ, ಏಕೆಂದರೆ ಅದು ಅವರ ಲೆಕ್ಕದಲ್ಲಿ ಮೀನಲ್ಲ, ಮಸಾಲೆ. ‘ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ’ ಎಂದು ಮಾಂಸ, ಮೀನು, ಮೀನಪುಡಿ ಒಂದೊಂದನ್ನೇ ಹೆಸರು ಹಿಡಿದು ಬೇಡ ಅನ್ನಬೇಕು.

ಎರಡನೇ ದಿನ: ಅನುರಾಧಪುರ

ಇಲ್ಲಿ ಬೇಕಾದದ್ದು ಎರಡು: ಬಾಡಿಗೆ ಸೈಕಲ್ಲು, ಒಂದು ಜೊತೆ ಕಾಲುಚೀಲ. ಸೈಕಲ್ಲು ಏಕೆಂದರೆ ಹಳೆಯ ನಗರ ಹತ್ತಾರು ಕಿಲೋಮೀಟರ್ ಹರಡಿದೆ, ನೆಲ ಸಮತಟ್ಟು. ಕಾಲುಚೀಲ ಏಕೆಂದರೆ ಪ್ರತಿ ಸ್ತೂಪದ ಹೊರಗೂ ಚಪ್ಪಲಿ, ಟೋಪಿ ಎರಡೂ ಬಿಡಬೇಕು. ಬೆಳಿಗ್ಗೆ ಹತ್ತು ದಾಟಿದರೆ ಕಲ್ಲುಹಾಸು ಕಾವಲಿಯಾಗುತ್ತದೆ. ಕಾಲುಚೀಲಕ್ಕೆ ಯಾರ ತಕರಾರೂ ಇಲ್ಲ. ಟಿಕೆಟ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಸಾರ್ಕ್ ದೇಶದವರಿಗೆ ಅರ್ಧ ದರ. ಫೋಟೊಕಾಪಿ ಹಿಡಿದು ವಾದಿಸಿದವರೊಬ್ಬರು ಪೂರ್ತಿ ದರ ತೆತ್ತದ್ದನ್ನು ಕಣ್ಣಾರೆ ಕಂಡೆವು.

ಸೂರ್ಯ ಏರುವ ಮೊದಲು ಶ್ರೀ ಮಹಾಬೋಧಿ. ಬುದ್ಧಗಯೆಯ ಬೋಧಿವೃಕ್ಷದ ಕೊಂಬೆಯನ್ನು ಅಶೋಕನ ಮಗಳು ಸಂಘಮಿತ್ರೆ ಕ್ರಿ.ಪೂ. 3ನೇ ಶತಮಾನದಲ್ಲಿ ತಂದಳಂತೆ. ಮನುಷ್ಯರು ನೆಟ್ಟ, ನೆಟ್ಟ ಕಾಲ ತಿಳಿದಿರುವ ಮರಗಳಲ್ಲಿ ಇದೇ ಅತಿ ಹಳೆಯದು ಅನ್ನುತ್ತಾರೆ. ಅದನ್ನು ಬರಮಾಡಿಕೊಂಡ ರಾಜ ದೇವಾನಾಂಪಿಯ ತಿಸ್ಸ. ಹೆಸರು ಎಲ್ಲೋ ಕೇಳಿದಂತಿದೆ ಅನ್ನಿಸಿದರೆ ರಾಯಚೂರಿನ ಮಸ್ಕಿಯನ್ನು ನೆನೆಯಿರಿ: ಅಲ್ಲಿಯ ಬಂಡೆಯ ಮೇಲೆ ಅಶೋಕನ ಹೆಸರಿನ ಜೊತೆ ಇರುವುದು ಇದೇ ‘ದೇವಾನಾಂಪಿಯ’ ಬಿರುದು. ಮರ ಈಗ ಮುಪ್ಪಿನದು. ಚಿನ್ನದ ಬಣ್ಣದ ಊರೆಗೋಲುಗಳ ಮೇಲೆ ಕೊಂಬೆಗಳು ಮಲಗಿವೆ. ಬಿಳಿ ಸೀರೆ, ಬಿಳಿ ಅಂಗಿಯ ಜನ ಎಲೆ ಉದುರುವುದನ್ನೇ ಕಾಯುತ್ತ ಕೂತಿರುತ್ತಾರೆ. ಒಂದು ಎಲೆ ಬಿತ್ತು. ನಾಲ್ಕು ಜನ ಎದ್ದರು, ಹತ್ತಿರದ ಅಜ್ಜಿಗೆ ಸಿಕ್ಕಿತು, ಉಳಿದವರು ಕೂತರು.

ಜೇತವನಾರಾಮ ಸ್ತೂಪ ಇಟ್ಟಿಗೆಯ ಬೆಟ್ಟ. 3ನೇ ಶತಮಾನದ ಮಹಾಸೇನ ರಾಜ ಶುರು ಮಾಡಿಸಿದ್ದು, ಮೂಲ ಎತ್ತರ 122 ಮೀಟರ್. ಆ ಕಾಲಕ್ಕೆ ಇದಕ್ಕಿಂತ ಎತ್ತರವಿದ್ದವು ಗೀಜಾದ ಎರಡು ಪಿರಮಿಡ್ಡು ಮಾತ್ರ. ಒಂಬತ್ತು ಕೋಟಿಗೂ ಮೀರಿದ ಇಟ್ಟಿಗೆ ಎಂಬ ಅಂದಾಜಿದೆ. ಇಷ್ಟು ಇಟ್ಟಿಗೆ ಸುಡಲು, ಹೊರಲು ಎಷ್ಟು ಜನ, ಅವರಿಗೆ ಎಷ್ಟು ಅಕ್ಕಿ ಎಂಬ ಪ್ರಶ್ನೆಯನ್ನು ಸ್ತೂಪದ ಎದುರು ನಿಂತು ಕೇಳಿಕೊಂಡರೆ ಉತ್ತರ ಊರ ಪಶ್ಚಿಮಕ್ಕಿದೆ: ಬಸವಕ್ಕುಲಮ, ತಿಸ್ಸ ವೆವ; ಪೂರ್ವಕ್ಕೆ ನುವರ ವೆವ. ಇದೇ ಮಹಾಸೇನನೇ ಮಿನ್ನೇರಿಯದ ದೊಡ್ಡ ಕೆರೆಯನ್ನೂ ಕಟ್ಟಿಸಿದ. ಜನ ಅವನನ್ನು ಪೂಜಿಸುವುದು ಆ ಕೆರೆಗಾಗಿ, ‘ಮಿನ್ನೇರಿ ದೇವರು’ ಎಂದು.

ಅಭಯಗಿರಿಯ ಕಡೆ ‘ಕುಟ್ಟಂ ಪೊಕುಣ’, ಅಂದರೆ ಜೋಡಿ ಕೊಳ. ಒಂದು 40 ಮೀಟರ್ ಉದ್ದ, ಇನ್ನೊಂದು 28. ಎಲ್ಲರೂ ಮೆಟ್ಟಿಲ ಫೋಟೊ ತೆಗೆದು ಹೋಗುತ್ತಾರೆ. ಚಿಕ್ಕ ಕೊಳದ ತುದಿಗೆ ಹೋಗಿ ಬಗ್ಗಿ ನೋಡಬೇಕು: ಬಂದ ನೀರು ಮೊದಲು ಬೀಳುವುದು ಒಂದು ಸಣ್ಣ ಕಲ್ಲುಗುಂಡಿಗೆ. ಹೂಳು ಅಲ್ಲಿ ತಳಕ್ಕೆ ಕೂತು, ಮೇಲಿನ ತಿಳಿ ಮಾತ್ರ ಮಕರದ ಬಾಯಿಂದ ಕೊಳಕ್ಕೆ. ಹೂಳು ತೆಗೆಯುವುದಾದರೆ ಗುಂಡಿಯಷ್ಟನ್ನೇ ತೆಗೆದರಾಯಿತು, ಕೊಳ ಬರಿದು ಮಾಡಬೇಕಿಲ್ಲ.

ವಾಪಸು ಬರುವಾಗ ಸೈಕಲ್ ಪಂಕ್ಚರ್ ಆಗಿ ಒಂದು ಗಂಟೆ ನೂಕಿದ್ದಾಯಿತು. ಬಾಡಿಗೆಗೆ ಕೊಳ್ಳುವಾಗ ಬ್ರೇಕು ನೋಡುತ್ತೇವೆ, ಟೈರಿನ ಹಲ್ಲು ನೋಡುವುದಿಲ್ಲ. ನೂಕಿದ್ದರಿಂದ ಒಂದು ಲಾಭವೂ ಆಯಿತು: ಸಂಜೆಗೆ ಸರಿಯಾಗಿ ಬಸವಕ್ಕುಲಮದ ಏರಿಯ ಮೇಲಿದ್ದೆವು. ಕ್ರಿ.ಪೂ. 4ನೇ ಶತಮಾನದ್ದು ಎನ್ನಲಾದ ಈ ಕೆರೆಯಲ್ಲಿ ಊರ ಹುಡುಗರು ಇಂದಿಗೂ ಸೋಪು ಹಚ್ಚಿ ಮೀಯುತ್ತಾರೆ, ಆಚೆ ದಡದಲ್ಲಿ ಬಿಳಿ ಸ್ತೂಪ ರುವನ್‌ವೆಲಿಸಾಯ ಸಂಜೆ ಬಿಸಿಲಿಗೆ ಹಳದಿಯಾಗುತ್ತದೆ.

ಮೂರನೇ ದಿನ: ಕಲಾ ವೆವ, ಅವುಕನ

ಪ್ರವಾಸಿಗಳ ವ್ಯಾನುಗಳು ಅನುರಾಧಪುರದಿಂದ ನೇರ ಸೀಗಿರಿಯಕ್ಕೆ ಹಾರುತ್ತವೆ. ಮಧ್ಯೆ ಕೆಕಿರಾವದಲ್ಲಿ ಇಳಿದು ಆಟೊ ಮಾಡಿಕೊಂಡರೆ ಈ ಇಡೀ ನಾಡಿನ ಬೀಗದ ಕೈ ಸಿಗುತ್ತದೆ. ಕಾದು ನಿಲ್ಲುವ ಹೊತ್ತನ್ನೂ ಸೇರಿಸಿ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಅರ್ಧ ದಿನ ಬೇಕು.

ಕಲಾ ವೆವ 5ನೇ ಶತಮಾನದ ಧಾತುಸೇನ ರಾಜ ಕಟ್ಟಿಸಿದ ಕೆರೆ. ಏರಿಯ ಮೇಲೆ ನಿಂತರೆ ಆಚೆ ದಡ ಕಾಣದು. ಆಗಸ್ಟ್ ಆದ್ದರಿಂದ ನೀರು ಇಳಿದು ಅಂಗಳ ತೆರೆದಿತ್ತು, ಎಮ್ಮೆಗಳು ಕೊರಳವರೆಗೆ ಕೆಸರಿನಲ್ಲಿ. ಏರಿಯ ಒಳಮೈಗೆ ಅಲೆ ಕೊರೆಯದಂತೆ ಕಲ್ಲು ಜೋಡಿಸಿದ್ದಾರೆ. ಇದಕ್ಕೆ ಇಲ್ಲಿ ‘ರಳಪನಾವ’ ಎಂದು ಹೆಸರು. ನಮ್ಮ ಕೆರೆ ಮಾತುಗಳು ಗೊತ್ತಿರುವವರಿಗೆ ಇಲ್ಲಿ ಎಲ್ಲಕ್ಕೂ ಜೋಡಿ ಸಿಗುತ್ತದೆ: ಏರಿ, ಕೋಡಿ, ಕಾಲುವೆ, ಅಚ್ಚುಕಟ್ಟು. ಬೇರೆಯಾಗುವುದು ತೂಬಿನಲ್ಲಿ. ನಮ್ಮ ಊರ ಕೆರೆಗಳಲ್ಲಿ ಎರಡು ಕಲ್ಲುಕಂಬ, ನಡುವೆ ಒಂದು ಗಳು, ಅದರ ತುದಿಯ ಬಿರಡೆ ಎತ್ತಿದರೆ ನೀರು. ಕೆರೆಯ ಆಳ ಹೆಚ್ಚಾದಾಗ ಈ ಉಪಾಯ ನಡೆಯುವುದಿಲ್ಲ. ಮೂವತ್ತು ಅಡಿ ನೀರಿನ ಒತ್ತಡಕ್ಕೆ ಬಿರಡೆ ಎತ್ತಲು ಆಗದು, ಎತ್ತಿದರೂ ನುಗ್ಗಿದ ನೀರು ಏರಿಯ ಹೊಟ್ಟೆಯನ್ನೇ ಕೊರೆದುಬಿಡುತ್ತದೆ. ಲಂಕೆಯ ದೊಡ್ಡ ಕೆರೆ ಕಟ್ಟಿದವರು ಏರಿಯ ಒಳಗೇ ಚೌಕಾಕಾರದ ಒಂದು ಕಲ್ಲುಬಾವಿ ಇಳಿಸಿದರು. ಅದೇ ‘ಬಿಸೊಕೊಟುವ’. ಕೆರೆಯ ನೀರು ತಳದ ಕೊಳವೆಯಿಂದ ಬಾವಿಗೆ ಬಂದು, ಅಲ್ಲಿ ಏರಿ ಸುತ್ತಿ ರಭಸ ಕಳೆದುಕೊಂಡು, ಆಚೆಯ ಕೊಳವೆಯಿಂದ ಕಾಲುವೆಗೆ ಸಾಗುತ್ತದೆ. ಬಾಗಿಲು ಇಳಿಸುವುದು, ಎತ್ತುವುದು ಬಾವಿಯೊಳಗೆ. 19ನೇ ಶತಮಾನದಲ್ಲಿ ಇವುಗಳನ್ನು ಅಳೆದು ನೋಡಿದ ಬ್ರಿಟಿಷ್ ಎಂಜಿನಿಯರ್ ಹೆನ್ರಿ ಪಾರ್ಕರ್, ಕವಾಟದ ಬಾವಿಯನ್ನು ಮೊದಲು ಕಂಡುಹಿಡಿದವರು ಇವರೇ ಎಂದು ಬರೆದ. ಈಗ ಕಬ್ಬಿಣದ ಗೇಟು ಬಂದಿದೆ, ಉಪಾಯ ಅದೇ.

ಇಲ್ಲಿಂದ ಹೊರಡುವ ‘ಯೋಧ ಎಳ’ ಇನ್ನೊಂದು ಅಚ್ಚರಿ. ಅನುರಾಧಪುರದ ತಿಸ್ಸ ವೆವಕ್ಕೆ ನೀರೊಯ್ಯುವ 87 ಕಿಲೋಮೀಟರ್ ಕಾಲುವೆ. ಮೊದಲ 17 ಮೈಲಿಯಲ್ಲಿ ಇಳಿಜಾರು ಮೈಲಿಗೆ ಬರೀ ಆರು ಇಂಚು. ನಿನ್ನೆ ಕಂಡ ಅನುರಾಧಪುರದ ಕೆರೆನೀರಿನ ನೆಂಟಸ್ತಿಕೆ ಇಲ್ಲಿಯವರೆಗೆ. ಕಾಲುವೆಗೆ ಒಂದೇ ಕಡೆ ಏರಿ, ಇನ್ನೊಂದು ಕಡೆ ಸಹಜವಾದ ಎತ್ತರದ ನೆಲ. ಆದ್ದರಿಂದ ಮೇಲಿಂದ ಹರಿದು ಬರುವ ಮಳೆನೀರೂ ದಾರಿಯುದ್ದಕ್ಕೂ ಕಾಲುವೆಗೇ ಸೇರುತ್ತದೆ. ನೋಡಲು ಕಾಲುವೆಯಲ್ಲ, ಸೋಮಾರಿ ಹಳ್ಳ.

ಏರಿಯ ಕೆಳಗೆ ಬದು ಕಡಿಯುತ್ತಿದ್ದ ಹಿರಿಯರೊಬ್ಬರು ಸಿಕ್ಕರು. ಸಿಂಹಳದಲ್ಲೂ ಹಿರಿಯರಿಗೆ ‘ಮಾಮ’, ದೊಡ್ಡ ಹೆಂಗಸರಿಗೆ ‘ಅಕ್ಕ’. ತಮ್ಮ ಮಾತ್ರ ‘ಮಲ್ಲಿ’. ಆಟೊದ ಮಲ್ಲಿ ಅರೆಬರೆ ಇಂಗ್ಲಿಷಿನಲ್ಲಿ ನಡುವೆ ನಿಂತ.

‘ಮಾಮಾ, ಈ ಸಲ ಎಲ್ಲರ ಗದ್ದೆಗೂ ನೀರು ಸಾಕಾಗುತ್ತಾ?’

‘ಸಾಕಾಗೋದು ಬಿಡೋದು ನನ್ನ ಕೈಲಿಲ್ಲ. ಕನ್ನ ಸಭೆಯಲ್ಲಿ ತೀರ್ಮಾನ ಆಗಿದೆ. ನೀರು ಕಮ್ಮಿ ಇದ್ದರೆ ಬೆತ್ಮ.’

‘ಕನ್ನ’ ಎಂದರೆ ಹಂಗಾಮು. ಪ್ರತಿ ಹಂಗಾಮಿಗೆ ಮುಂಚೆ ರೈತರೂ ಅಧಿಕಾರಿಗಳೂ ಕೂತು ಯಾವ ದಿನ ತೂಬು ಎತ್ತಬೇಕು, ಯಾವ ದಿನದೊಳಗೆ ನಾಟಿ ಮುಗಿಯಬೇಕು ಎಂದು ಗೊತ್ತುಮಾಡುತ್ತಾರೆ. ನೀರು ಎಲ್ಲಕ್ಕೂ ಸಾಲದ ವರ್ಷ ‘ಬೆತ್ಮ’: ಏರಿಗೆ ಹತ್ತಿರದ ಒಂದಿಷ್ಟು ಗದ್ದೆಯನ್ನು ಮಾತ್ರ ಬೇಸಾಯಕ್ಕೆ ಇಟ್ಟುಕೊಂಡು, ಆ ಒಂದು ಬೆಳೆಯ ಮಟ್ಟಿಗೆ ಅದನ್ನೇ ಎಲ್ಲರಿಗೂ ಪಾಲು ಹಾಕುತ್ತಾರೆ. ತುದಿಯ ಗದ್ದೆಯವನೂ ಏರಿ ಬುಡದಲ್ಲಿ ಉಳುತ್ತಾನೆ. ನಮ್ಮಲ್ಲಿ ನೀರುಗಂಟಿ ಇದ್ದ ಹಾಗೆ ಇಲ್ಲಿ ‘ವೆಲ್ ವಿದಾನೆ’ ಇದ್ದ. 1832ರಲ್ಲಿ ಬ್ರಿಟಿಷರು ‘ರಾಜಕಾರಿಯ’ ಎಂಬ ಬಿಟ್ಟಿ ದುಡಿಮೆಯನ್ನು ರದ್ದು ಮಾಡಿದಾಗ ಜನಕ್ಕೆ ನೊಗ ತಪ್ಪಿತು, ಆದರೆ ವರ್ಷಕ್ಕೊಮ್ಮೆ ಹೂಳೆತ್ತಿ ಏರಿ ಬಲಪಡಿಸುತ್ತಿದ್ದ ಕೈಗಳೂ ಚದುರಿದವು. ಆಮೇಲೆ ಕೆರೆಗಳನ್ನು ದುರಸ್ತಿ ಮಾಡಿಸಬೇಕಾಗಿ ಬಂದದ್ದೂ ಬ್ರಿಟಿಷರಿಗೇ.

ಹೊರಡುವಾಗ ಮಾಮ ಕೇಳಿದ್ದು ಒಂದೇ. ‘ನುವರಕ್ಕೆ ಹೋಗ್ತೀರಾ? ಅಲ್ಲಿ ಮಳೆ ಹೇಗಿದೆ ನೋಡಿ.’ ಕ್ಯಾಂಡಿಗೆ ಇಲ್ಲಿಯವರು ಅನ್ನುವುದು ನುವರ ಎಂದೇ. ನೂರಕ್ಕೆ ಹತ್ತಿರದ ಕಿಲೋಮೀಟರ್ ಆಚೆಯ ಬೆಟ್ಟದ ಮಳೆ ಇವರಿಗೇಕೆ ಎಂಬುದನ್ನು ಆಗ ಕೇಳಲು ಹೊಳೆಯಲಿಲ್ಲ.

ಕೆರೆಯಿಂದ ಸ್ವಲ್ಪ ದೂರಕ್ಕೆ ಅವುಕನ ಬುದ್ಧ. ಒಂದೇ ಬಂಡೆಯಲ್ಲಿ ಕಡೆದ, ನಲವತ್ತು ಅಡಿಯ ಆಸುಪಾಸಿನ ನಿಂತ ಮೂರ್ತಿ. ಮೂಗಿನ ತುದಿಯಿಂದ ಬಿದ್ದ ಮಳೆಹನಿ ನೇರ ಎರಡು ಪಾದಗಳ ನಡುವೆ ಬೀಳುತ್ತದೆ ಎನ್ನುವ ಮಾತಿದೆ. ಮಳೆಯಿರಲಿಲ್ಲ, ಪರೀಕ್ಷೆ ಆಗಲಿಲ್ಲ. ಕೆಕಿರಾವಕ್ಕೆ ಮರಳುವ ದಾರಿಯಲ್ಲಿ ಮಣ್ಣಿನ ಕುಡಿಕೆಯ ಎಮ್ಮೆ ಮೊಸರು, ಮೇಲೆ ‘ಕಿತುಲ್ ಪಾಣಿ’. ಕಿತುಲ್ ಎಂದರೆ ನಮ್ಮ ಮಲೆನಾಡಿನ ಬೈನೆ ಮರ. ಅದರ ಸಿಹಿರಸ ಕಾಯಿಸಿದ ಜೋನಿ. ಅಂಗಡಿಯದರಲ್ಲಿ ಸಕ್ಕರೆ ಪಾಕ ಬೆರೆಸಿರುವುದುಂಟು. ಅಸಲಿಯಲ್ಲಿ ಸಿಹಿಯ ಹಿಂದೆ ಸಣ್ಣ ಹೊಗೆವಾಸನೆ ಬರಬೇಕು.

ನಾಲ್ಕನೇ ದಿನ: ಸೀಗಿರಿಯ, ಮಿನ್ನೇರಿಯ

ಧಾತುಸೇನನ ಕಥೆ ಮುಗಿಯುವುದು ಅವನ ಮಗನ ಬಂಡೆಯ ಮೇಲೆ. ಮಗ ಕಶ್ಯಪ ಅಪ್ಪನನ್ನು ಸೆರೆಹಿಡಿದು ‘ನಿಧಿ ಎಲ್ಲಿದೆ’ ಎಂದು ಕೇಳಿದಾಗ, ಮುದುಕ ಕಲಾ ವೆವಕ್ಕೆ ಕರೆದೊಯ್ಯಿಸಿಕೊಂಡು, ಬೊಗಸೆಯಲ್ಲಿ ನೀರೆತ್ತಿ ‘ನನ್ನ ಸಂಪತ್ತೆಲ್ಲ ಇಷ್ಟೇ’ ಅಂದನಂತೆ. ಕಶ್ಯಪ ಅವನನ್ನು ಕೊಲ್ಲಿಸಿದ, 477ರಿಂದ 495ರವರೆಗೆ ಸೀಗಿರಿಯದಿಂದ ಆಳಿದ. ವಂಶಾವಳಿಯ ಕಥೆ ಇದು, ಭಿಕ್ಷುಗಳು ಬರೆದದ್ದು. ಕಶ್ಯಪನ ಪರ ವಕಾಲತ್ತು ಅದರಲ್ಲಿಲ್ಲ.

ಬಾಗಿಲು ತೆಗೆಯುವ ಹೊತ್ತಿಗೇ ಒಳಗಿರಬೇಕು. ಸುಮಾರು 1,200 ಮೆಟ್ಟಿಲು. ಎಂಟೂವರೆಯ ನಂತರ ಕಬ್ಬಿಣದ ಏಣಿಯಲ್ಲಿ ಜನ ಇರುವೆ ಸಾಲಾಗುತ್ತಾರೆ, ನಡುವೆ ನಿಂತರೆ ಹಿಂದಕ್ಕೂ ಬರಲಾಗದು. ‘ಸದ್ದು ಮಾಡಬೇಡಿ’ ಎಂಬ ಫಲಕ ತಮಾಷೆಗಲ್ಲ. ಬಂಡೆಗೆ ಕಣಜದ ಗೂಡುಗಳಿವೆ, ಎದ್ದರೆ ದಾರಿ ಮುಚ್ಚುತ್ತಾರೆ. ಗುಹೆಯ ವರ್ಣಚಿತ್ರಗಳ ಫೋಟೊ ತೆಗೆಯುವಂತಿಲ್ಲ. ಅದರ ಕೆಳಗಿನ ಕನ್ನಡಿ ಗೋಡೆಯ ಮೇಲೆ ಸಾವಿರ ವರ್ಷದ ಹಿಂದಿನ ನೋಡುಗರು ಆ ಚಿತ್ರದ ಹೆಂಗಸರನ್ನು ಕುರಿತು ಸಿಂಹಳದಲ್ಲಿ ಗೀಚಿದ ಪದ್ಯಗಳಿವೆ. ಆಗ ಗೀಚಿದ್ದು ಸಾಹಿತ್ಯ, ಈಗ ಗೀಚಿದರೆ ಜೈಲು.

ಇಳಿದ ಮೇಲೆ ಸುಸ್ತಾಗಿ ಹೊರಗೆ ಓಡದೆ ಬುಡದ ನೀರ ತೋಟದಲ್ಲಿ ಅರ್ಧ ಗಂಟೆ ಕಳೆಯಬೇಕು. ತೂತು ಕೊರೆದ ದುಂಡು ಕಲ್ಲಿನ ಬಿಲ್ಲೆಗಳು ನೆಲದಲ್ಲಿವೆ. ಅವು ಕಾರಂಜಿಗಳು. ಪಂಪಿಲ್ಲ, ಯಂತ್ರವಿಲ್ಲ, ಎತ್ತರದಿಂದ ನೆಲದಡಿಯ ಕಾಲುವೆಯಲ್ಲಿ ಬಂದ ನೀರಿನ ಒತ್ತಡವೇ ಚಿಮ್ಮಿಸುತ್ತದೆ. ಮಳೆಗಾಲದಲ್ಲಿ ಇಂದಿಗೂ ಚಿಮ್ಮುತ್ತವೆ. ಆಗಸ್ಟಿನಲ್ಲಿ ಒಣಗಿದ್ದವು.

ಮಧ್ಯಾಹ್ನ ಹಬರಣದಿಂದ ಜೀಪಿನಲ್ಲಿ ಮಿನ್ನೇರಿಯ. ಆಗಸ್ಟ್, ಸೆಪ್ಟೆಂಬರಿನಲ್ಲಿ ಇಲ್ಲಿ ನೂರಾರು ಆನೆ ಸೇರುವುದಕ್ಕೆ ಕಾರಣ ಕಾಡಲ್ಲ, ಕೆರೆ. ನೀರು ಇಳಿದಂತೆ ಹಸಿ ಅಂಗಳದಲ್ಲಿ ಎಳೆ ಹುಲ್ಲು ಏಳುತ್ತದೆ, ಸುತ್ತಲ ಕಾಡು ಒಣಗಿರುವಾಗ ಇದೊಂದೇ ಹಸಿರು. ಮೇಲಿನ ಮೊರಗಹಕಂದ ಜಲಾಶಯದಿಂದ ಈ ಹೊತ್ತಿನಲ್ಲಿ ನೀರು ಬಿಟ್ಟರೆ ಹುಲ್ಲು ಮುಳುಗಿ ಆನೆಗಳು ಬರುವುದಿಲ್ಲ. ಹೀಗಾಗಿ ‘ಮಿನ್ನೇರಿಯಕ್ಕೇ ಹೋಗಬೇಕು’ ಎಂದು ಹಟ ಮಾಡದೆ, ಈಗ ಆನೆ ಎಲ್ಲಿವೆ ಎಂದು ಚಾಲಕರನ್ನೇ ಕೇಳುವುದು ಮೇಲು. ಕೆಲವು ದಿನ ಪಕ್ಕದ ಕೌಡುಲ್ಲ, ಕೆಲವು ದಿನ ಹುರುಲು. ಮೂಗಿಗೆ ವಸ್ತ್ರ ಕಟ್ಟಿಕೊಳ್ಳಿ, ಧೂಳು ವಿಪರೀತ. ನಾವು ಕಂಡದ್ದು ಅರವತ್ತರ ಹತ್ತಿರ, ಅದರಲ್ಲೊಂದು ಮರಿ ಇನ್ನೂ ಸೊಂಡಿಲು ಏನಕ್ಕೆ ಅಂತ ಗೊತ್ತಿಲ್ಲದ್ದು. ಹುಲ್ಲು ಕೀಳಲು ಹೋಗಿ ಅದರ ಮೇಲೆ ತಾನೇ ಕಾಲಿಟ್ಟುಕೊಳ್ಳುತ್ತಿತ್ತು.

ಐದನೇ ದಿನ: ಪೊಲೊನ್ನರುವ

ಬೆಳಗಿನ ಬಸ್ಸು, ಮತ್ತೆ ಸೈಕಲ್ಲು. ಈ ಸಲ ಟೈರು ನೋಡಿಯೇ ತೆಗೆದುಕೊಂಡದ್ದು.

993ರಲ್ಲಿ ರಾಜರಾಜ ಚೋಳನ ಸೇನೆ ಅನುರಾಧಪುರವನ್ನು ಹಾಳುಮಾಡಿದ ಮೇಲೆ ಚೋಳರು ರಾಜಧಾನಿ ಮಾಡಿಕೊಂಡದ್ದು ಪೊಲೊನ್ನರುವವನ್ನು. ಅವರ ಕಲ್ಲಿನ ಶಿವಾಲಯ ಅಚ್ಚುಕಟ್ಟಾಗಿ ಉಳಿದಿದೆ. 1070ರಲ್ಲಿ ಅವರನ್ನು ಹೊರದಬ್ಬಿದವನು ಒಂದನೇ ವಿಜಯಬಾಹು. ಕನ್ನಡಿಗರು ಬುದ್ಧನ ಹಲ್ಲನ್ನು ಇಡಲು ಅವನು ಕಟ್ಟಿಸಿದ ‘ಅಟದಾಗೆ’ಯ ಕಂಬಗಳ ಬಳಿ ಒಂದು ನಿಮಿಷ ಹೆಚ್ಚು ನಿಲ್ಲಬಹುದು. ಲಂಕೆಯ ಹಳೆಯ ಚರಿತ್ರೆಗ್ರಂಥ ‘ಚೂಳವಂಸ’ ಹೇಳುವಂತೆ, ಕರ್ನಾಟದ ರಾಜನೂ ಚೋಳ ರಾಜನೂ ಕಾಣಿಕೆ ಕೊಟ್ಟು ಕಳಿಸಿದ ದೂತರು ಅವನ ಬಳಿ ಬಂದರು. ಆ ಕರ್ನಾಟದ ರಾಜ ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯ. ವಿಜಯಬಾಹು ಮೊದಲು ಕರ್ನಾಟದ ದೂತರ ಜೊತೆಗೆ ತನ್ನವರನ್ನು ಕಾಣಿಕೆಯೊಂದಿಗೆ ಕಳಿಸಿದ. ಆ ಸಿಂಹಳ ದೂತರು ಚೋಳ ನೆಲ ಮುಟ್ಟುತ್ತಲೇ ಅಲ್ಲಿಯವರು ಅವರ ಕಿವಿ ಮೂಗು ಕೊಯ್ದರು. ಇಬ್ಬರಿಗೂ ಚೋಳರೇ ಶತ್ರು, ನಂಟಿಗೆ ಅಷ್ಟು ಸಾಕಾಗಿತ್ತು.

ಗಲ್ ವಿಹಾರದ ನಾಲ್ಕು ಬುದ್ಧರ ಬಗ್ಗೆ ಎಲ್ಲರೂ ಬರೆದಿದ್ದಾರೆ. ಹದಿನಾಲ್ಕು ಮೀಟರ್ ಉದ್ದದ ಮಲಗಿದ ಮೂರ್ತಿಯ ತಲೆದಿಂಬನ್ನು ಮಾತ್ರ ಹತ್ತಿರದಿಂದ ನೋಡಿ: ತಲೆಯ ಭಾರಕ್ಕೆ ದಿಂಬು ತಗ್ಗಿದೆ, ಕಲ್ಲಿನಲ್ಲಿ. ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದು ಅಗೌರವ. ಕಾವಲಿನವರು ಸೀಟಿ ಊದುತ್ತಾರೆ. ‘ಗಲ್ ಪೊತ’ ಎಂಬ ಕಲ್ಲಿನ ಪುಸ್ತಕ 8 ಮೀಟರ್ ಉದ್ದ, 25 ಟನ್ ತೂಕ, ತುಂಬ ನಿಶ್ಶಂಕಮಲ್ಲ ರಾಜ ತನ್ನನ್ನೇ ಹೊಗಳಿಕೊಂಡದ್ದು.

ಬಿಸಿಲಿಳಿದ ಮೇಲೆ ಪರಾಕ್ರಮ ಸಮುದ್ರ. ಆಕಾಶದಿಂದ ಬಿದ್ದ ಒಂದು ಹನಿಯೂ ಜನಕ್ಕೆ ಉಪಯೋಗವಾಗದೆ ಕಡಲು ಸೇರಬಾರದು ಎಂದ ಒಂದನೇ ಪರಾಕ್ರಮಬಾಹುವಿನ 12ನೇ ಶತಮಾನದ ಕೆರೆ. ಏರಿಯ ಉದ್ದ ಸುಮಾರು 14 ಕಿಲೋಮೀಟರ್. ಸೈಕಲ್ಲಿನಲ್ಲಿ ಪೂರ್ತಿ ಹೋಗಿಬರುತ್ತೇವೆ ಎಂಬ ಉತ್ಸಾಹ ಎದುರುಗಾಳಿಗೆ ಮೂರನೇ ಕಿಲೋಮೀಟರಿನಲ್ಲೇ ಇಳಿಯಿತು. ಏರಿಯ ಮೇಲೆ ತಂಬಿಲಿ, ಅಂದರೆ ಕಿತ್ತಳೆ ಬಣ್ಣದ ಎಳನೀರು ಮಾರುತ್ತಿದ್ದ ಅಕ್ಕನ ಬಳಿ ಎರಡೆರಡು ಕುಡಿದು ವಾಪಸು.

ಆರನೇ ದಿನ: ಕ್ಯಾಂಡಿ

ದಂಬುಲ್ಲದ ಗುಹಾಲಯ ದಾರಿಯಲ್ಲೇ ಇದೆ. ಐದು ಗುಹೆ, ಎರಡು ಗಂಟೆ ಸಾಕು, ಮಂಗಗಳಿಂದ ನೀರಿನ ಬಾಟಲಿ ಕಾಪಾಡಿಕೊಂಡರೆ ಆಯಿತು. ಮಾತಲೆ ದಾಟಿದಂತೆ ರಸ್ತೆ ತಿರುವು, ಮೆಣಸಿನ ಬಳ್ಳಿ, ಕೊಕ್ಕೊ, ಕಿಟಕಿಯಲ್ಲಿ ತಂಪು ಗಾಳಿ. ಊರು ಸೇರುವಷ್ಟರಲ್ಲಿ ಮಳೆ ಹಿಡಿಯಿತು. ಒಣನಾಡಿನ ಐದು ದಿನದಲ್ಲಿ ಕೊಡೆ ಬ್ಯಾಗಿನ ತಳ ಸೇರಿತ್ತು, ತೆಗೆಯುವಷ್ಟರಲ್ಲಿ ಎಲ್ಲ ತೊಪ್ಪೆ.

ದಂತಧಾತು ಮಂದಿರದ ಮೆರವಣಿಗೆ ‘ಪೇರಹರ’ದ ಹತ್ತು ರಾತ್ರಿಗಳು ಆಗಸ್ಟ್ ಹುಣ್ಣಿಮೆಗೆ ಮುಗಿಯುವ ವರ್ಷಗಳಲ್ಲಿ ಆ ದಿನಗಳಿಗೆ ರೂಮು ಸಿಗುವುದೇ ಕಷ್ಟ, ಸಿಕ್ಕರೂ ದುಪ್ಪಟ್ಟು. ಹುಣ್ಣಿಮೆಯ ‘ಪೋಯ’ ದಿನ ದೇಶವಿಡೀ ರಜೆ. ಪೇರಹರ ಮುಗಿದ ಬೆಳಿಗ್ಗೆ ಗೆಟಂಬೆಯಲ್ಲಿ ಮಹಾವೆಲಿ ನದಿಯ ನೀರನ್ನು ಕತ್ತಿಯಿಂದ ‘ಕಡಿದು’, ಆ ಜಾಗದ ನೀರನ್ನು ಕೊಡಕ್ಕೆ ತುಂಬಿ ಮುಂದಿನ ವರ್ಷದವರೆಗೆ ಇಡುತ್ತಾರೆ. ನಾವು ತಲುಪುವಾಗ ಹಬ್ಬ ಮುಗಿದು ಊರು ಆಕಳಿಸುತ್ತಿತ್ತು.

ಸಂಜೆ ಆರೂವರೆಯ ಪೂಜೆಗೆ ಬುದ್ಧನ ಹಲ್ಲನ್ನು ಇಟ್ಟಿರುವ ದಂತಧಾತು ಮಂದಿರ. ಮೊಣಕಾಲು, ಭುಜ ಮುಚ್ಚಿರಬೇಕು. ಮುಂದಿನ ಕೆರೆಯನ್ನು 1807ರಲ್ಲಿ ಗದ್ದೆ ಮುಳುಗಿಸಿ ಕಟ್ಟಿಸಿದವನು ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ, ಮಧುರೆಯ ನಾಯಕರ ಬಳಿಯವನು. ಏಳು ದಿನದಲ್ಲಿ ಕಂಡ ಕೆರೆಗಳಲ್ಲಿ ಅಚ್ಚುಕಟ್ಟಿಲ್ಲದ್ದು, ಬರೀ ಚಂದಕ್ಕೆ ಇರುವುದು ಇದೊಂದೇ. 1815ರಲ್ಲಿ ಸ್ವಂತ ಸರದಾರರೇ ಬ್ರಿಟಿಷರ ಕಡೆ ಸೇರಿದರು. ರಾಜನನ್ನು ವೆಲ್ಲೂರು ಕೋಟೆಗೆ ಒಯ್ದರು. ಕೆಲವೇ ವರ್ಷಗಳ ಹಿಂದೆ ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ಅದೇ ಕೋಟೆ. 1832ರಲ್ಲಿ ಅಲ್ಲೇ ತೀರಿಕೊಂಡ.

ಏಳನೇ ದಿನ: ಹಂತಾನ, ಪೊಲ್ಗೊಲ್ಲ

ಬೆಳಿಗ್ಗೆ ಹಂತಾನದ ಚಹಾ ಮ್ಯೂಸಿಯಂ. ಇಲ್ಲಿಯ ಬೆಟ್ಟಗಳಲ್ಲಿ ಮೊದಲಿದ್ದದ್ದು ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅದನ್ನು ನುಂಗಿತು. ಜೇಮ್ಸ್ ಟೇಲರ್ 1867ರಲ್ಲೇ ಲೂಲ್‌ಕಂದುರದಲ್ಲಿ ಹಾಕಿದ್ದ ಚಹಾ ಜಾಗ ತುಂಬಿತು. ತುಕ್ಕಿನ ಹೆಸರು ಕೇಳಿದರೆ ಕೊಡಗಿನವರಿಗೆ ವಿವರಿಸಬೇಕಿಲ್ಲ. ಚಹಾ ಕೊಯ್ಯಲು ತಮಿಳುನಾಡಿನಿಂದ ಕರೆತಂದವರ ಮಕ್ಕಳು ಮೊಮ್ಮಕ್ಕಳಿಗೆ 1948ರಲ್ಲಿ ಪೌರತ್ವ ತಪ್ಪಿತು. ಎರಡೂ ದೇಶದ ಪ್ರಧಾನಿಗಳು ಮಾಡಿಕೊಂಡ 1964ರ ಸಿರಿಮಾ–ಶಾಸ್ತ್ರಿ ಒಪ್ಪಂದದಲ್ಲಿ 5,25,000 ಜನರನ್ನು ಭಾರತ ತೆಗೆದುಕೊಳ್ಳುವುದೆಂದಾಯಿತು. ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯುವ ಅನೇಕ ಕುಟುಂಬಗಳು ಹೀಗೆ ಬಂದವರು.

ಮಧ್ಯಾಹ್ನ ಸಿಟಿ ಬಸ್ಸಿನಲ್ಲಿ ಪೊಲ್ಗೊಲ್ಲ. ಪ್ರವಾಸಿ ಪುಸ್ತಕಗಳಲ್ಲಿ ಇದಕ್ಕೆ ಜಾಗವಿಲ್ಲ, ಇರುವುದೂ ಮಹಾವೆಲಿಗೆ ಅಡ್ಡ ಕಟ್ಟಿದ ಒಂದು ಗೇಟಿನ ಅಣೆಕಟ್ಟು ಮಾತ್ರ. 335 ಕಿಲೋಮೀಟರ್ ಹರಿದು ಪೂರ್ವದ ಕಡಲಿಗೆ ಹೋಗುವ ನದಿಯ ಒಂದು ಪಾಲನ್ನು 1976ರಿಂದ ಇಲ್ಲಿ ಉತ್ತರಕ್ಕೆ ತಿರುಗಿಸುತ್ತಾರೆ. ಬೆಟ್ಟದ ಹೊಟ್ಟೆಯೊಳಗೆ 8 ಕಿಲೋಮೀಟರ್ ಸುರಂಗ, ಆಚೆ ಉಕುವೆಲದಲ್ಲಿ ವಿದ್ಯುತ್ತು, ಅಲ್ಲಿಂದ ಸುದು ಗಂಗಾ ನದಿ, ಮುಂದೆ ಅಂಬನ್ ಗಂಗೆ ನದಿಯ ಬೊವತೆನ್ನ ಜಲಾಶಯ. ಬೊವತೆನ್ನದಿಂದ ಇನ್ನೊಂದು ಸುರಂಗ ಹೊಕ್ಕ ಪಾಲು ಕಲಾ ವೆವಕ್ಕೆ. ಅಂಬನ್ ಗಂಗೆಯಲ್ಲೇ ಮುಂದೆ ಹೋದದ್ದು ಹಳೆಯ ಒಡ್ಡುಗಳಲ್ಲಿ ತಿರುಗಿ ಮಿನ್ನೇರಿಯಕ್ಕೆ, ಪರಾಕ್ರಮ ಸಮುದ್ರಕ್ಕೆ.

ಅಣೆಕಟ್ಟಿನ ಫೋಟೊಗೆ ಕಾವಲಿನವರ ಅನುಮತಿ ಕೇಳಬೇಕು; ಕೊಡಲಿಲ್ಲ. ರಸ್ತೆ ಬದಿಯ ಅಂಗಡಿಯಲ್ಲಿ ಶುಂಠಿ ಹಾಕಿದ ಕರಿ ಚಹಾ, ಬೆಲ್ಲದ ಚೂರು ಕಚ್ಚಿ ಕುಡಿಯುವುದು. ಮಳೆ ನಿಂತಿರಲಿಲ್ಲ. ನದಿ ಕೆಂಪಗೆ, ಗೇಟಿನ ಮಟ್ಟಕ್ಕೆ ತುಂಬಿ ಬರುತ್ತಿತ್ತು. ಮಾಮನ ಫೋನ್ ನಂಬರ್ ತೆಗೆದುಕೊಂಡಿರಲಿಲ್ಲ, ಆದರೆ ಆಟೊದ ಮಲ್ಲಿಯದಿತ್ತು. ನದಿಯ ಒಂದು ಫೋಟೊ, ಕೆಳಗೆ ‘ನುವರದಲ್ಲಿ ಎರಡು ದಿನದಿಂದ ಮಳೆ, ಮಾಮನಿಗೆ ಹೇಳು’ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆವು. ಕೊಲಂಬೊ ಬಸ್ಸು ಹತ್ತುವ ಹೊತ್ತಿಗೆ ಉತ್ತರ ಬಂತು: ಎರಡು ಕೈ ಮುಗಿದ ಚಿತ್ರ, ಪಕ್ಕದಲ್ಲೊಂದು ಭತ್ತದ ತೆನೆ.